ಮೂರನೇ ಅಂಕಕ್ಕಾಗಿ ತಡೆದ ಮಾತು

ಶಿವಣ್ಣ ನಿನಗೆ ಮೋಸ ಮಾಡಲಿಲ್ಲ, ರುಕ್ಕು. ಅವನ ತಾಯಿ ನಿಮ್ಮ ಮದುವೆಗೆ ಒಪ್ಪಿದ್ದಳು. ಆ ಮಾತನ್ನು ನಿನಗೆ ಮುಟ್ಟಿಸು ಎಂದು ಅವನು ನನಗೆ ಹೇಳಿಹೋಗಿದ್ದ — ನಾನು ಮುಟ್ಟಿಸಲಿಲ್ಲ. ಮರೆತದ್ದಲ್ಲ. ನನ್ನ ನಾಟಕದ ಮೂರನೇ ಅಂಕ ಇನ್ನೂ ಮುಗಿದಿರಲಿಲ್ಲ, ಅದಕ್ಕೆ.

ನಿನಗೆ ಇದು ಹುಚ್ಚನ ಮಾತಿನಂತೆ ಕೇಳಿಸಬಹುದು. ದಬ್ಬೇಘಟ್ಟದಲ್ಲಿ ನಮ್ಮ ಎದುರುಮನೆಯ ಹುಡುಗಿ ನೀನು. ಸುತ್ತಲ ಹಳ್ಳಿಗಳಿಗೆ ನಾಟಕ ಬರೆದು, ಕಲಿಸಿ, ಮೇಷ್ಟ್ರು ಅನ್ನಿಸಿಕೊಂಡು ಎದೆಯುಬ್ಬಿಸಿ ತಿರುಗುತ್ತಿದ್ದವನು ನಾನು. ಹುಳಿಯಾರಿನ ಕಡೆಯಿಂದ ಪಾರ್ಟು ಮಾಡಲು ಬಂದ ಶಿವಣ್ಣನನ್ನು ನೀನು ಕಂಡದ್ದು ನನ್ನ ತಾಲೀಮಿನಲ್ಲೇ. ಅವನ ತಾಯಿಗೆ ತನ್ನ ಅಣ್ಣನ ಮಗಳನ್ನೇ ಸೊಸೆ ಮಾಡಿಕೊಳ್ಳುವ ಹಟ. ನಿಮ್ಮಪ್ಪ, ಅವರಾಗಿಯೇ ಬಂದು ಕೇಳಿದರೆ ಕೊಡೋಣ, ಇಲ್ಲದಿದ್ದರೆ ತುರುವೇಕೆರೆಯ ಸಂಬಂಧವಿದೆ ಎಂದು ಕೂತಿದ್ದ. ಮನೆಮನೆಗೆ ಫೋನಿಲ್ಲದ ಕಾಲ. ನಿಮ್ಮಿಬ್ಬರ ನಡುವೆ ಓಡಾಡಬಲ್ಲವನು ನಾನೊಬ್ಬನೇ.

ಆಗ ನಾನು ಬರೆಯುತ್ತಿದ್ದುದೂ ಕೈಗೂಡದ ಪ್ರೇಮದ ಕಥೆಯೇ. ಕೊಬ್ಬರಿಗೆಂದು ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುವ ಊರಿನವರು ನಾವು. ಅಲ್ಲಾಡಿಸಿದರೆ ಒಳಗೆ ಒಣಗಿದ ಕೊಬ್ಬರಿಯ ಸದ್ದಾಗಬೇಕು, ಅಲ್ಲಿಯವರೆಗೆ ಯಾರೂ ಒಡೆಯುವುದಿಲ್ಲ. ದುಃಖದ ನಾಟಕವೂ ಹಾಗೇ ಕಣ್ರೋ, ಗುಟ್ಟನ್ನು ಬೇಗ ಒಡೆಯಬೇಡಿ — ಎಂದು ಹುಡುಗರಿಗೆ ಉಪದೇಶ ಮಾಡುತ್ತಿದ್ದೆ. ಪ್ರೇಕ್ಷಕರಿಗೆ ಗೊತ್ತಿರಬೇಕು, ನಾಯಕಿಗೆ ಗೊತ್ತಿರಬಾರದು. ಜನ ಚಡಪಡಿಸುವುದು ಅಲ್ಲೇ. ಇದೆಲ್ಲ ಗೊತ್ತಿದ್ದರೂ ನನ್ನ ನಾಯಕಿ ಕಾಯುವ ದೃಶ್ಯ ಸಪ್ಪೆಯಾಗಿತ್ತು. ಕಾಯುವ ಹೆಣ್ಣು ಹೇಗಿರುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಆ ಹೊತ್ತಿಗೆ ಶಿವಣ್ಣ ಬಂದ. ಕೊಬ್ಬರಿ ಲಾರಿ ಓಡಿಸುತ್ತಿದ್ದನಲ್ಲ, ಲೋಡು ತೆಗೆದುಕೊಂಡು ಉತ್ತರದ ಕಡೆ ಹೊರಟಿದ್ದ. "ಅವ್ವ ಒಪ್ಕಂಡವ್ಳೆ ಕಣಣ್ಣ. ಆದ್ರೆ ಹೆಣ್ಣು ಕೇಳಕ್ಕೋಗಿ ಇಲ್ಲ ಅನ್ನಿಸ್ಕಂಡು ಬರಕ್ಕಾಗಲ್ಲ ಅಂತಾಳೆ. ಶನಿವಾರದೊಳಗೆ ರುಕ್ಕು ಹೂಂ ಅಂತ ಒಂದ್ಮಾತು ಹೇಳ್ಕಳಿಸ್ಲಿ, ಸಾಕು. ಬರ್ಲಿಲ್ಲ ಅಂದ್ರೆ ಮಾವನ ಮನೆಗೆ ಮಾತು ಕೊಟ್ಬುಡ್ತಾಳೆ. ನೀನೇ ಹೇಳ್ಬೇಕು."

ಹೇಳುತ್ತೇನೆ ಅಂದೆ. ಅವತ್ತು ಸಂಜೆಯೇ ನೀನು ಬಂದು, "ಏನಾದ್ರೂ ಸುದ್ದಿ ಬಂತೇನಣ್ಣ?" ಎಂದು ಕೇಳಿದೆ. ನಾನು ಹೇಳಲು ಬಾಯಿ ತೆರೆದೆ. ಆದರೆ ನೀನು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದೆಯಲ್ಲ — ಅದನ್ನು ಕಂಡೆ. "ಇಲ್ಲ ಕಣೇ" ಅಂದೆ. ನಾಳೆ ಹೇಳಿದರಾಯಿತು, ಶನಿವಾರ ಇನ್ನೂ ದೂರವಿದೆ... ನೀನು ಹೋದ ಮೇಲೆ ಕೂತು ಬರೆದೆ. ಅಷ್ಟು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ.

ಮಾರನೆಯ ದಿನ ನೀನು ಬೆಂಕಿಪೆಟ್ಟಿಗೆ ಕೇಳುವ ನೆಪ ಮಾಡಿ ಬಂದೆ. ಅದನ್ನೂ ಬರೆದೆ. ಇನ್ನೊಂದು ದಿನ ನಕ್ಕುನಕ್ಕು ಬೇರೇನೋ ಮಾತಾಡಿ, ಹೋಗುವಾಗ ಹೊಸಿಲ ಬಳಿ ಸುಮ್ಮನೆ ನಿಂತೆ. ಅದನ್ನೂ ಬರೆದೆ. ಶುಕ್ರವಾರ ನೀನು ಕೇಳಲೇ ಇಲ್ಲ. ನನ್ನ ಮುಖ ನೋಡಿ ತಲೆಯಾಡಿಸಿ ಹೊರಟುಹೋದೆ. ನನಗೆ ಎಂಥ ಸಂತೋಷವಾಯಿತು ಗೊತ್ತೆ — ಇದನ್ನು ಬರೆಯಲು ಕೈ ಬರುತ್ತಿಲ್ಲ — ಅಂಕದ ಕೊನೆ ಸಿಕ್ಕಿತೆಂದು ಕುಣಿಯುವಷ್ಟು ಸಂತೋಷ! ಶನಿವಾರ ಇಡೀ ದಿನ ಬಾಗಿಲು ಹಾಕಿಕೊಂಡು ಬರೆದೆ. ಅಂಕ ಮುಗಿಯಿತು. ಶನಿವಾರವೂ ಮುಗಿದಿತ್ತು.

ಭಾನುವಾರ ಬೆಳಗ್ಗೆ ಹುಳಿಯಾರಿನ ಬಸ್ಸು ಹತ್ತಿ ಆ ತಾಯಿಯ ಕಾಲು ಹಿಡಿದಿದ್ದರೆ ಏನಾಗುತ್ತಿತ್ತೋ. ಹತ್ತಲಿಲ್ಲ. ತಡವಾದದ್ದು ಯಾಕೆಂದು ಕೇಳುತ್ತಾಳೆಂದು ಹೆದರಿದೆ. ಶಿವಣ್ಣ ಲಾರಿಯಿಂದ ಇಳಿದವನೇ ನನ್ನಲ್ಲಿಗೆ ಓಡಿಬಂದಾಗ, "ಅವ್ಳು ಏನೂ ಹೇಳ್ಲಿಲ್ಲ ಕಣಪ್ಪ" ಅಂದೆ. ಸುಳ್ಳಲ್ಲದ ಸುಳ್ಳು, ಅಂಥ ಮಾತು ಕಟ್ಟುವುದೇ ನನ್ನ ಕಸುಬು. ಅವನು ತಲೆ ತಗ್ಗಿಸಿ ಹೋದ. ಅವನು ಮಾವನ ಮಗಳನ್ನು ಕಟ್ಟಿಕೊಂಡ ಸುದ್ದಿ ಬಂದ ಮೇಲೆ ನೀನು ತುರುವೇಕೆರೆಯ ಗಂಡಿಗೆ ಹೂಂ ಅಂದೆ.

ನಾಟಕ ಗೆದ್ದಿತು. ಸುದ್ದಿ ಮುಚ್ಚಿಡುವವನ ಪಾತ್ರವನ್ನು ಸಾಹುಕಾರನ ದುಡ್ಡು ತಿಂದ ಆಳನ್ನಾಗಿ ಮಾಡಿದ್ದೆ. ನನ್ನ ಕಾರಣವನ್ನು ಅವನಿಗೆ ಕೊಡಲು ಧೈರ್ಯವಾಗಲಿಲ್ಲ. ಕೊಟ್ಟಿದ್ದರೂ ಜನ ನಂಬುತ್ತಿರಲಿಲ್ಲ. ಮೂರನೇ ಅಂಕದಲ್ಲಿ ಜನ ಎದ್ದು ನಿಂತು ಕೂಗಿದರು: "ಹೇಳ್ಬುಡ್ಲಾ ಅವ್ಳಿಗೆ!" ನೀನು ಗಂಡನ ಜೊತೆ ಬಂದು ಮುಂದೆಯೇ ಕೂತಿದ್ದೆ. ಮುಗಿದ ಮೇಲೆ ಕಣ್ಣೊರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ಅಂದದ್ದು ನಿನಗೆ ನೆನಪಿದೆಯೋ ಇಲ್ಲವೋ — "ಅಂಥೋರೂ ಇರ್ತಾರೇನಣ್ಣ? ನೀನಾಗಿದ್ರೆ ಓಡ್ಬಂದು ಹೇಳ್ಬುಡ್ತಿದ್ದೆ."

"ನಾಟಕ ಕಣೇ ಅದು" ಅಂದೆ. ಆಮೇಲೆ ನಾನು ಇನ್ನೊಂದು ನಾಟಕ ಬರೆಯಲಿಲ್ಲ. ನಿನ್ನ ಗಂಡ ಒಳ್ಳೆಯವನು, ಏನೂ ಕೆಡಲಿಲ್ಲ ಎಂದು ಸಮಾಧಾನ ಮಾಡಿಕೊಂಡು ಬದುಕಿದೆ. ಅದೂ ಕಳ್ಳತನವೇ.

ಮೊನ್ನೆ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುವಾಗ ಶಿವಣ್ಣ ಸಿಕ್ಕ. ತಲೆ ನರೆತಿದೆ. ಅದೂ ಇದೂ ಮಾತಾಡಿ, "ಒಲ್ಲೆ ಅಂತಾನಾದ್ರೂ ಹೇಳ್ಕಳಿಸ್ಬೋದಿತ್ತು ಅವ್ಳು" ಅಂದ. ಇಷ್ಟು ವರ್ಷ ನೀನು ಅವನನ್ನು ಮೋಸಗಾರ ಅಂದುಕೊಂಡೆ, ಅವನು ನಿನ್ನನ್ನು ಜಂಬದವಳು ಅಂದುಕೊಂಡ. ಅಲ್ಲೇ, ಒಂದು ಅಂಗಡಿಯ ಮುಂದೆ ನಿಂತು ನಾನು ಎಲ್ಲ ಹೇಳಿದೆ. ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. "ಅವ್ಳಿಗೆ ಹೇಳ್ದ್ಯಾ?" ಎಂದು ಮಾತ್ರ ಕೇಳಿದ.

ನಾಳೆ ತುರುವೇಕೆರೆಗೆ ಬಂದು ಈ ಕಾಗದವನ್ನು ನಿನ್ನೆದುರೇ ಓದುತ್ತೇನೆ, ರುಕ್ಕು. ಕಂಡ ಕೂಡಲೇ ಒಳಗೆ ಬಾ ಅಣ್ಣ, ಕಾಫಿ ಕುಡಿ ಅನ್ನುತ್ತೀಯ. ಅನ್ನಬೇಡ. ಮೊದಲು ಬಾಗಿಲಲ್ಲೇ ನಿಲ್ಲಿಸಿ ಕೇಳು. ಆಮೇಲೂ ನನ್ನನ್ನು ಅಣ್ಣ ಎಂದು ಕರೆಯಬೇಕೋ ಬೇಡವೋ, ನೀನೇ ಹೇಳು.