ಹೇಳದೆ ಹೋಗುತ್ತಿದ್ದ ಅಪ್ಪ

ಬೇಕರಿಯಲ್ಲಿ ಅವನನ್ನು ಎಲ್ಲರೂ ಭಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ಬೇರೆಯವರು ಹಾಸಿಗೆ ಹಾಸುವ ಹೊತ್ತಿಗೆ ಅವನ ಕೆಲಸ ಶುರು. ಭಟ್ಟಿಗೆ ಬೆಂಕಿ ಹಾಕಿ, ನಾದಿಟ್ಟ ಹಿಟ್ಟು ಉಬ್ಬುವವರೆಗೆ ಕಾದು, ಬೆಳಕು ಹರಿಯುವಷ್ಟರಲ್ಲಿ ಬ್ರೆಡ್ಡು ಹೊರಗೆ ತೆಗೆಯಬೇಕು. ಹಿಟ್ಟಿನ ವಿಷಯದಲ್ಲಿ ಅವನಿಗಿದ್ದ ತಾಳ್ಮೆ ಮಗಳ ವಿಷಯದಲ್ಲಿ ಇರಲಿಲ್ಲ.

ಪುಟ್ಟಿಗೆ ಆಗ ಎರಡು ತುಂಬಿತ್ತು. ಅಪ್ಪ ಮಗ್ಗುಲಲ್ಲಿದ್ದರೇ ನಿದ್ದೆ. ಹೆಂಡತಿ ಆಚೆ ಕೋಣೆಯಲ್ಲಿ ಹೊಲಿಗೆ ಮುಗಿಸುತ್ತಿದ್ದರೆ ಇವನು ಮಗಳ ಬೆನ್ನು ತಟ್ಟುತ್ತಾ ಮಲಗಿರುತ್ತಿದ್ದ.

“ಅಪ್ಪಾ, ಹೋಗ್ತೀಯಾ?”

“ಎಲ್ಲಿಗೆ ಹೋಗ್ಲಿ? ಇಲ್ಲೇ ಇರ್ತೀನಿ. ನೀನು ಕಣ್ಣು ಮುಚ್ಚು.”

ಅವಳಿಗೆ ಜೊಂಪು ಹತ್ತಿದ್ದೇ ತಡ, ಮುಷ್ಟಿಯಿಂದ ಬೆರಳು ಬಿಡಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ. ಸದ್ದಾಗದಿರಲೆಂದು ಬಾಗಿಲ ಚಿಲಕಕ್ಕೆ ಎಣ್ಣೆ ಬೇರೆ ಬಿಟ್ಟಿದ್ದ. “ನಮ್ಮನೇಲಿ ನಾನೇ ಕಳ್ಳ ಕಣ್ರೋ” ಎಂದು ಬೇಕರಿಯಲ್ಲಿ ನಗಾಡುತ್ತಿದ್ದ.

ಎಚ್ಚರವಾದ ಮಗು ಮನೆಯೆಲ್ಲ ಹುಡುಕಿ ಅಳುವಾಗ ಸಂಭಾಳಿಸುತ್ತಿದ್ದವಳು ಹೆಂಡತಿ. “ರೀ, ಒಂದು ಮಾತು ಹೇಳಿ ಹೋಗಬಾರದಾ?” ಎಂದು ಅವಳು ಕೇಳಿದರೆ, “ಹೇಳಿದ್ರೆ ಬಿಡ್ತಾಳಾ? ರಂಪ ಮಾಡ್ತಾಳೆ” ಎಂದು ಬಾಯಿ ಮುಚ್ಚಿಸುತ್ತಿದ್ದ.

ಬರಬರುತ್ತಾ ಪುಟ್ಟಿ ನಿದ್ದೆಯ ಜೊತೆ ಜಗಳಕ್ಕೇ ನಿಂತಳು. ಕಣ್ಣು ಎಳೆದರೂ ಎದ್ದು ಕೂರುವಳು. ನೀರು ಬೇಕೆನ್ನುವಳು, ಉಚ್ಚೆ ಬಂತೆನ್ನುವಳು. ಅವನು ಗುಮ್ಮನನ್ನು ಕರೆದ, ಗದರಿದ, ಒಂದೆರಡು ಸಲ ಕೈಯನ್ನೂ ಎತ್ತಿದ. ಶಾಲೆಗೆ ಸೇರಿದ ಮೇಲೆ, ಕೂತಲ್ಲೇ ತೂಕಡಿಸುತ್ತಾಳೆಂದು ಟೀಚರ್ ಹೇಳಿ ಕಳಿಸಿದರು.

ಒಂದು ಸಂಜೆ ಅವಳು ಜಡೆಯ ರಿಬ್ಬನ್ನು ಬಿಚ್ಚಿ ಅವನ ಮಣಿಕಟ್ಟಿಗೆ ಕಟ್ಟಿದಳು. ಇನ್ನೊಂದು ತುದಿ ತನ್ನ ಕೈಗೆ. ಗಂಟು ಬಿಗಿಯಾಗಿತ್ತು, ಕೆಲಸಕ್ಕೆ ಹೊತ್ತಾಗಿತ್ತು. ಅವಳು ಮಲಗಿದ ಮೇಲೆ ಹೆಂಡತಿಯ ಕತ್ತರಿ ತಂದು ರಿಬ್ಬನ್ನು ಕತ್ತರಿಸಿದ. ಬೆಳಿಗ್ಗೆ ಬಂದಾಗ ಆ ತುಂಡು ಇನ್ನೂ ಅವಳ ಕೈಯಲ್ಲೇ ಇತ್ತು. ಅವಳು ಅಳಲಿಲ್ಲ. ಅಂದಿನಿಂದ ಮಲಗುವಾಗ ಅಪ್ಪನನ್ನು ಕರೆಯುವುದನ್ನೇ ಬಿಟ್ಟಳು. ಪೀಡೆ ಕಳೆಯಿತು ಎಂದುಕೊಂಡ ಅವನು.

ಪುಟ್ಟಿಗೆ ಎಂಟಾದಾಗ ತಮ್ಮ ಹುಟ್ಟಿದ. ಅವನು ಅಂಬೆಗಾಲು ದಾಟಿ ಓಡಾಡುವ ಹೊತ್ತಿಗೆ, ಕೆಲವು ದಿನ ಇದ್ದು ಹೋಗಲು ಭಟ್ಟಿಯಣ್ಣನ ಅಕ್ಕ ಬಂದಳು. ಮಗನನ್ನು ಮಲಗಿಸಿ ಭಟ್ಟಿಯಣ್ಣ ಚಪ್ಪಲಿ ಹಿಡಿದು ಹೊರಟಿದ್ದನ್ನು ನೋಡಿ ಮೆಟ್ಟಿಲಲ್ಲೇ ತಡೆದಳು.

“ಏನೋ ಇದು? ಕಣ್ಣು ಮುಚ್ಚಿದ್ರೆ ಅಪ್ಪ ಮಾಯ ಆಗ್ತಾನೆ ಅಂತ ಗೊತ್ತಾದ್ಮೇಲೆ ಯಾವ ಮಗು ಕಣ್ಣು ಮುಚ್ಚುತ್ತೋ?”

ಅಂದು ಇಡೀ ರಾತ್ರಿ ಭಟ್ಟಿಯ ಮುಂದೆ ಕೂತವನಿಗೆ ಆ ರಿಬ್ಬನ್ನೇ ಕಣ್ಣಿಗೆ ಕಟ್ಟಿತು.

ಮಾರನೆಯ ಸಂಜೆಯಿಂದ ರೀತಿ ಬದಲಾಯಿತು. ದಿನವೂ ಅದೇ ಹೊತ್ತಿಗೆ ಮಗನ ಕೈಕಾಲು ತೊಳೆಸಿ, ದೀಪ ಸಣ್ಣದು ಮಾಡಿ, ಒಂದು ಕಥೆ ಹೇಳಿ, “ನಾನೀಗ ಕೆಲಸಕ್ಕೆ ಹೋಗ್ತೀನಿ. ಅಮ್ಮ ಇಲ್ಲೇ ಇರ್ತಾಳೆ. ಬೆಳಿಗ್ಗೆ ನಾನೇ ಬಂದು ಎಬ್ಬಿಸ್ತೀನಿ” ಎನ್ನುತ್ತಿದ್ದ. ಹುಡುಗ ಕೆಲವು ದಿನ ಅತ್ತ. ಆಮೇಲೆ ಹಾಸಿಗೆಯಿಂದಲೇ ಕೈ ಬೀಸಿ ಮಗ್ಗುಲು ಬದಲಿಸಿ ಮಲಗತೊಡಗಿದ. ಇಷ್ಟೇನಾ ಎನಿಸಿತು ಅಪ್ಪನಿಗೆ. ಇಷ್ಟೇ ಆಗಿತ್ತು.

ಪಕ್ಕದ ಮಂಚದಲ್ಲಿ ಪುಟ್ಟಿ ಕಣ್ಣು ಬಿಟ್ಟುಕೊಂಡೇ ಇದ್ದಳು. ಅವಳ ಕಾಲ ಬಳಿ ಹೋಗಿ ಕೂತ.

“ನಿಂಗೂ ಹೇಳಿ ಹೋಗ್ಲೇನಮ್ಮ?”

“ಈಗ ಯಾಕಪ್ಪಾ? ನೀನು ಹೋಗ್ತೀಯ ಅಂತ ನಂಗೆ ಗೊತ್ತಲ್ಲ.”

“ಆಗ್ಲೇ ಹೇಳ್ಬೇಕಿತ್ತು. ತಪ್ಪಾಯ್ತು, ಪುಟ್ಟಿ.”

ಅವಳು ಗೋಡೆಯ ಕಡೆ ತಿರುಗಿದಳು. ಆದರೂ ದಿನಾ ಹೇಳಿಯೇ ಹೊರಟ. ಎಷ್ಟೋ ತಿಂಗಳಾದ ಮೇಲೆ “ಹೂಂ” ಎನ್ನತೊಡಗಿದಳು. ಶಾಲೆಯಲ್ಲಿ ತೂಕಡಿಸುವುದು ನಿಂತಿತು. “ನೀವು ಹೊರಟ ಮೇಲೆ ಚೆನ್ನಾಗಿ ಮಲಗ್ತಾಳೆ ಕಣ್ರೀ” ಎಂದು ಹೆಂಡತಿ ಖುಷಿಯಿಂದ ಹೇಳಿದಳು. ಆ ಮಾತು ಅವನಿಗೆ ಎಲ್ಲಿ ಚುಚ್ಚಿತೆಂದು ಅವಳಿಗೆ ತಿಳಿಯಲಿಲ್ಲ.

ಮುಂದೆ ಅವನಿಗೆ ಹಗಲು ಪಾಳಿ ಸಿಕ್ಕಿತು. ಮೊದಲ ರಾತ್ರಿ ಮಗ ನಿದ್ದೆ ಹೋದ ಮೇಲೂ ಪುಟ್ಟಿಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತ.

“ಇವತ್ತು ನಾನೆಲ್ಲೂ ಹೋಗಲ್ಲ ಕಣೇ. ಮಲ್ಕೋ.”

ಪುಟ್ಟಿ ಒಂದಷ್ಟು ಹೊತ್ತು ಹೊರಳಾಡಿದಳು. ಆಮೇಲೆ ಮೆಲ್ಲಗೆ, ನೋಯಿಸಬಾರದೆಂಬ ದನಿಯಲ್ಲೇ ಹೇಳಿದಳು: “ನೀನು ಹೋಗಿ ಮಲ್ಕೋ ಅಪ್ಪಾ. ನೀನು ಕೂತಿದ್ರೆ ನಂಗೆ ನಿದ್ದೆ ಬರಲ್ಲ.”

“ಆಯ್ತಮ್ಮ, ಹೋಗ್ತೀನಿ” ಎಂದು ಅವನು ಎದ್ದ. ಅವಳ ಹೊದಿಕೆ ಸರಿಮಾಡಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಕುರ್ಚಿ ಎತ್ತಿಕೊಂಡು ಹೊರಗೆ ಬಂದ.