ಬೊಹ್ದಾನಾ ಅವರ ಹನ್ನೊಂದನೇ ಸಾಲು

ಬೊಹ್ದಾನಾ ಶ್ಕ್ರಾಬಲೋವಾ ಬರ್ನೋದ ನಮ್ಮ ಕಚೇರಿಯಲ್ಲಿ ಹದಿನೆಂಟು ವರ್ಷ ಸರ್ವರ್‌ಗಳನ್ನು ನೋಡಿಕೊಂಡರು. ಮಧ್ಯಾಹ್ನ ತಮ್ಮ ಮೇಜಿನ ಮುಂದೆಯೇ ಕೂತು ಹಂದಿಕೊಬ್ಬು ಸವರಿದ ಬ್ರೆಡ್ಡು, ಹಸಿ ಈರುಳ್ಳಿ ತಿನ್ನುವರು. ಯಾರಾದರೂ ಮೂಗು ಮುರಿದರೆ, "ನಾಳೆಯಿಂದ ಮೂಗು ಮನೇಲಿ ಬಿಟ್ಟು ಬಾ" ಎನ್ನುವರು. ನನಗೆ ಕೆಲಸ ಕಲಿಸಿದವರು ಅವರೇ.

ಒಂದು ಸರ್ವರ್‌ನ ಹೊಟ್ಟೆಯಲ್ಲಿ ಮೂವತ್ತು ವರ್ಚುವಲ್ ಯಂತ್ರಗಳು, ಎಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರುಗಳು. ಅವಕ್ಕೆ ಮೆಮೊರಿಯನ್ನು ಚಿಕ್ಕ ಚಿಕ್ಕ ಪುಟಗಳಾಗಿ ಹಂಚಿದರೆ ಯಾವುದು ಎಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಗಿಗಾಬೈಟಿಗೊಂದರಂತೆ ದೊಡ್ಡ ಪುಟ ಕೊಟ್ಟರೆ ಓಡುತ್ತವೆ. "ಬಟ್ಟೆ ಚಿಂದಿಯಾದ್ಮೇಲೆ ಕೋಟು ಬರಲ್ಲ. ಸರ್ವರ್ ಏಳೋವಾಗ್ಲೇ ಕತ್ತರಿಸಿಡಬೇಕು" ಎನ್ನುತ್ತಿದ್ದರು. ಐನೂರ ಹನ್ನೆರಡು ಗಿಗಾಬೈಟಿನಲ್ಲಿ ನಾನೂರ ಎಂಬತ್ತು ಪುಟ ಯಂತ್ರಗಳಿಗೆ, ಉಳಿದದ್ದು ಸರ್ವರ್‌ಗೇ. ಅದೂ ಉಸಿರಾಡಬೇಕಲ್ಲ.

ಹೊಸ ಮ್ಯಾನೇಜರ್ ರಾದೊವಾನ್ ಇದನ್ನೆಲ್ಲ ಅವರಿಂದ ಹಾಳೆಯಲ್ಲಿ ಬರೆಸಿಕೊಂಡ. ಆಮೇಲೆ ಪರೀಕ್ಷೆ ಇಟ್ಟ. ಖಾಲಿಯಿದ್ದ ಒಂದು ಸರ್ವರನ್ನು ನಾನು ಆ ಹಾಳೆ ನೋಡಿಕೊಂಡೇ ಮೂವತ್ತು ಯಂತ್ರಗಳ ಸಮೇತ ಏಳಿಸಬೇಕು. ಬೊಹ್ದಾನಾ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಎದ್ದರೆ ಅವರ ಹುದ್ದೆ ರದ್ದು. ಏಳದಿದ್ದರೆ ಪಿಂಚಣಿಗೆ ಉಳಿದಿರುವ ಎರಡು ವರ್ಷ ಅವರು ಇರಬಹುದು.

ನಮ್ಮಲ್ಲಿ ಕೆಲಸ ಬಿಡುವವರೇ ಉಳಿದವರಿಗೆ ತಿನ್ನಿಸಬೇಕು. "ಬೊಹ್ದಾನಾ ಅವರೇ, ಬೀಳ್ಕೊಡುಗೆ ಸ್ಯಾಂಡ್‌ವಿಚ್ ಪರೀಕ್ಷೆ ದಿನಾನೇ ತಂದ್ಬಿಡಿ. ಎರಡೆರಡು ಸಲ ಯಾಕೆ ಸೇರೋದು?" ಎಂದು ರಾದೊವಾನ್ ನಕ್ಕ. ಅವರು ತಂದರು ಕೂಡ.

ಹನ್ನೊಂದನೇ ಸಾಲಿಗೆ ಬಂದೆ. 480 ಎಂದು ದುಂಡಗೆ ಬರೆದಿತ್ತು. ನಾನು 510 ಒತ್ತಿದೆ, ಬೇಕೆಂದೇ. ಅಷ್ಟೂ ಕತ್ತರಿಸಿಟ್ಟರೆ ಸರ್ವರ್ ಏಳುವುದಿಲ್ಲ. ಬರೀ ಹಾಳೆ ಸಾಲದು, ಬೊಹ್ದಾನಾ ಬೇಕೇ ಬೇಕು ಎಂದಾಗುತ್ತದೆ.

"ಲೋ ವೀತ್! ನಾನೂರ ಎಂಬತ್ತು ಕಣೋ!" ಬೊಹ್ದಾನಾ ಕುರ್ಚಿಯಿಂದ ಎದ್ದೇಬಿಟ್ಟರು. "ಅದರ ಕತ್ತು ಹಿಸುಕ್ತೀಯೇನೋ?"

"ಅವರು ಮಾತಾಡಿದ್ರು. ಪರೀಕ್ಷೆ ಲೆಕ್ಕಕ್ಕಿಲ್ಲ," ಎಂದೆ ರಾದೊವಾನ್‌ಗೆ.

"ಹಾಳೇಲಿ ಎಷ್ಟಿದೆ?"

"ನಾನೂರ ಎಂಬತ್ತು."

"ಹಂಗಾದ್ರೆ ಹಾಳೆ ಸರಿಯಾಗೇ ಇದೆ. ಸರಿಯಿಲ್ದಿರೋದು ನಿನ್ನ ಕಣ್ಣು. ತಿದ್ದು."

ತಿದ್ದಿದೆ. ನಾಲ್ಕೇ ನಿಮಿಷದಲ್ಲಿ ಮೂವತ್ತೂ ಯಂತ್ರ ಎದ್ದವು. ರಾದೊವಾನ್ ಚಪ್ಪಾಳೆ ತಟ್ಟಿದ.

ಬೊಹ್ದಾನಾ ಹಾಳೆಯನ್ನು ತಮ್ಮತ್ತ ಎಳೆದುಕೊಂಡು 480ರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಹಾಕಿದರು.

"ಆರು ವರ್ಷ ಕಲಿಸಿದೆ ನಿಂಗೆ," ಎಂದರು. "ತಲೆಗೆ ಏನೂ ಹತ್ತಲಿಲ್ಲವಲ್ಲೋ."

ನಾನು ಅವರು ತಂದ ಸ್ಯಾಂಡ್‌ವಿಚ್ ಒಂದನ್ನು ಎತ್ತಿಕೊಂಡು ತಿಂದೆ. ಅವರು ಹಾಗೆಂದುಕೊಂಡೇ ಹೋದರು.