ಹುಲಿಗೆಮ್ಮಕ್ಕನ ಗೋಡೆ

ಹುಲಿಗೆಮ್ಮಕ್ಕನಿಗೆ ಓದಲು ಬರುತ್ತಿರಲಿಲ್ಲ. ಆದರೆ ಅಕ್ಷರವಿರುವ ಯಾವ ಕಾಗದವೂ ಅವಳ ಕಣ್ಣು ತಪ್ಪಿಸಿ ಮುಂದೆ ಹೋಗುವಂತಿರಲಿಲ್ಲ. ಬಸ್ಸಿನ ಟಿಕೆಟ್ಟು, ಮದುವೆ ಕಾರ್ಡು, ಗೊಬ್ಬರದ ಚೀಲ, ಸಿನಿಮಾದ ಹ್ಯಾಂಡ್‌ಬಿಲ್ಲು, ಏನೇ ಸಿಗಲಿ, ಓದು ಬಲ್ಲವರನ್ನು ಹಿಡಿದು ನಿಲ್ಲಿಸಿ, "ಏನ್ ಬರ್ದೈತಿ, ಓದ್ರಿ" ಎನ್ನುತ್ತಿದ್ದಳು. ಓದಿದರೆ ಸಾಲದು, ಪೂರ್ತಿ ಓದಬೇಕು. ಹುಡುಗ ಹುಡುಗಿಯ ಹೆಸರು, ಮುಹೂರ್ತ ಇಷ್ಟು ಹೇಳಿ ಕಾರ್ಡು ಮಡಚಿದರೆ, "ಕೆಳಗ ಇನ್ನೂ ಸಣ್ಣಕ್ಷರ ಅದಾವಲ್ಲ?" ಎಂದು ಬೆರಳಿಟ್ಟು ತೋರಿಸುವಳು. ಅದು ಪ್ರೆಸ್ಸಿನ ಹೆಸರು ಎಂದರೂ ಬಿಡುತ್ತಿರಲಿಲ್ಲ. "ಇರ್ಲಿ, ಅದನ್ನೂ ಓದ್ರಿ. ಬರ್ದೋರು ಸುಮ್ನ ಬರ್ದಿರ್ತಾರೇನು?"

ಎಪ್ಪತ್ತರ ದಶಕದಲ್ಲಿ ನನ್ನನ್ನು ಎಮ್ಮಿಗನೂರಿನ ಆಚೆಯ ಒಂದು ಸಣ್ಣ ಹಳ್ಳಿಯ ಶಾಲೆಗೆ ಹಾಕಿದರು. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆ ಊರಿನಲ್ಲಿ ಬಾಡಿಗೆಗೆ ಸಿಕ್ಕಿದ್ದು ಹುಲಿಗೆಮ್ಮಕ್ಕನ ಮನೆಯ ಮುಂದಿನ ಖೋಲಿ. ಬಾಡಿಗೆ ಎಷ್ಟು ಎಂದು ಕೇಳಿದರೆ, "ಅದಿರ್ಲಿ ಟೀಚರಮ್ಮ, ಕನ್ನಡ ಇಂಗ್ಲಿಷು ಎರಡೂ ಬರ್ತಾವೇನು?" ಎಂದು ನನ್ನನ್ನೇ ಕೇಳಿದಳು. ಬರುತ್ತವೆ ಎಂದ ಕೂಡಲೇ ಬೀಗದ ಕೈ ನನ್ನ ಕೈಗೆ ಬಂತು. ಆಕೆಯ ಗಂಡ ಗಾದಿಲಿಂಗಪ್ಪ ಪಕ್ಕದಲ್ಲೇ ಕುಳಿತು ನನ್ನನ್ನು ಕನಿಕರದಿಂದ ನೋಡಿದ. ಆ ನೋಟದ ಅರ್ಥ ನನಗೆ ಒಂದು ವಾರದೊಳಗೆ ತಿಳಿಯಿತು.

ಹುಲಿಗೆಮ್ಮಕ್ಕ ಎತ್ತರದ ಆಳು. ಹಣೆ ತುಂಬ ಕುಂಕುಮ, ಸೊಂಟದಲ್ಲಿ ಎಲೆಅಡಿಕೆಯ ಚೀಲ. ನಾನು ಓದುವಾಗ ಎದುರಿಗೆ ಕುಳಿತು ಕಾಗದವನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಯಾಕೆ ಹಾಗೆ ನೋಡುತ್ತೀ ಎಂದು ಒಮ್ಮೆ ಕೇಳಿದೆ. "ಕಾಗದ ನನಗ ಏನ್ ಹೇಳ್ತೈತಿ? ಓದೋರ ಕಣ್ಣು ಹೇಳ್ತಾವ" ಎಂದಳು.

ಒಂದು ಸಲ ಕಂಪ್ಲಿ ಸಂತೆಯಿಂದ ಮಿರ್ಚಿ ಬಜಿ ಕಟ್ಟಿಸಿಕೊಂಡು ಬಂದಳು. ತಿಂದಾದ ಮೇಲೆ ಎಣ್ಣೆ ಹೀರಿದ ಆ ಪೇಪರನ್ನು ನನ್ನ ಮುಂದೆ ಹಿಡಿದಳು. ಯಾವುದೋ ಊರಿನಲ್ಲಿ ಒಬ್ಬ ಬೆಳಿಗ್ಗೆ ಎದ್ದು ಬಾವಿಗೆ ಹೋದನಂತೆ, ಬಗ್ಗಿ ನೋಡಿದರೆ ಒಳಗೆ... ಅಲ್ಲಿಗೆ ಕಾಗದ ಹರಿದಿತ್ತು. ನಾನು ನಕ್ಕು ಎದ್ದೆ. ಅವಳು ನಗಲಿಲ್ಲ. ಮುಂದಿನ ಸಂತೆಯ ದಿನ ನೇರ ಮಿರ್ಚಿ ಬಂಡಿಗೆ ಹೋಗಿ, "ತಮ್ಮಾ, ಇದರ ಇನ್ನರ್ಧ ಕಾಗದ ಎಲ್ಲೈತಿ?" ಎಂದು ಕೇಳಿದಳಂತೆ. ಅವನು, "ಯವ್ವಾ, ಅದನ್ನ ಯಾರೋ ಬಜಿ ತಿಂದು ಬಿಸಾಕ್ಯಾರ" ಎಂದನಂತೆ. ಬಾವಿಯಲ್ಲಿ ಏನಿತ್ತು ಎಂಬ ಚಿಂತೆ ಅವಳಿಗೆ ಆ ವರ್ಷವೆಲ್ಲ ಇತ್ತು. ನಿಜ ಹೇಳಬೇಕೆಂದರೆ ನನಗೂ ಅಂಟಿಕೊಂಡಿತು.

ಇದೆಲ್ಲ ನನಗೆ ಆಗ ಬರೀ ನಗೆಯ ವಿಷಯ. ನಗು ನಿಂತದ್ದು ಆ ಬೇಸಿಗೆ ಬೆಳೆಯ ಕಾಲಕ್ಕೆ.

ಕಾಲುವೆ ಬಂದ ಮೇಲೆ ಆ ಸೀಮೆಯ ಮುಖವೇ ಬದಲಾಗಿತ್ತು. ಜೋಳದ ಹೊಲಗಳು ಗದ್ದೆಗಳಾಗಿದ್ದವು, ಸೈಕಲ್ಲು ರೇಡಿಯೋ ಮನೆ ಸೇರಿದ್ದವು. ಆದರೆ ಎರಡನೆಯ ಬೆಳೆಗೆ ನೀರು ಪಾಳಿಯ ಮೇಲೆ ಬರುತ್ತಿತ್ತು. ಕಾಲುವೆಯುದ್ದಕ್ಕೂ ಹೊಲಗಳಿಗೆ ನೀರು ಬಿಡುವ ತೂಬುಗಳಿದ್ದವು. ಒಂದೊಂದು ತೂಬಿಗೆ ವಾರದಲ್ಲಿ ಇಂತಿಂಥ ದಿನ ಎಂದು ಲೆಕ್ಕ. ನಮ್ಮ ಊರಿನ ತೂಬು ಕೊನೆಯದಕ್ಕಿಂತ ಒಂದು ಮೊದಲು. ನಮಗಿಂತ ಮೇಲಿನ ತೂಬು, ನೀರು ಬರುವ ಕಡೆಯ ಪಕ್ಕದ ಊರಿನದು. ಕೊನೆಯ ತೂಬಿನ ಕೆಳಗೆ ನಮ್ಮೂರಿನ ಕೂಲಿಕಾರ ಹೊನ್ನೂರಪ್ಪ ಮತ್ತು ಅವನ ಕೇರಿಯವರ ಹೊಲಗಳು. ಕೂಲಿ ಮಾಡಿಕೊಂಡಿದ್ದವರಿಗೆ ಸರ್ಕಾರ ಕೊಟ್ಟ ಜಮೀನು ಅದು.

ಹುಲಿಗೆಮ್ಮಕ್ಕನ ತೂಬಿಗೆ ಮೊದಲಿಂದಲೂ ಶುಕ್ರವಾರ, ಶನಿವಾರ, ಭಾನುವಾರ ನೀರು. ಆ ವರ್ಷ ಇದ್ದಕ್ಕಿದ್ದಂತೆ ಶುಕ್ರವಾರದ ನೀರು ನಿಂತಿತು. ಭತ್ತ ತೆನೆ ಕಟ್ಟುವ ಹೊತ್ತು. ಗದ್ದೆಯಲ್ಲಿ ಬಿರುಕು ಕಾಣಿಸಿಕೊಂಡಾಗ ಅವಳು ತೂಬು ತೆಗೆಯುವ ನೀರಗಂಟಿಯನ್ನು ಹಿಡಿದು ಕೇಳಿದಳು.

"ಪಾಳಿ ಕಡಿಮಿ ಆಗೈತಬೇ. ಮ್ಯಾಲಿನ ಆರ್ಡರ್" ಎಂದ ಅವನು.

"ಆರ್ಡರ್ ಅಂದ್ರ ಕಾಗದಾನ? ಏನ್ ಬರ್ದೈತಿ ಅದ್ರಾಗ?"

"ನನಗೇನ್ ಗೊತ್ತು? ಆಫೀಸ್ನ್ಯಾಗ ಐತಿ. ಮ್ಯಾಲಿನ ಊರೋರು ಹೇಳಿದ್ರು, ನಾ ಕೇಳ್ದೆ."

ಮರುದಿನ ನನಗೆ ರಜೆ ಹಾಕಿಸಿ ಕಾಲುವೆ ಕಚೇರಿಗೆ ಎಳೆದುಕೊಂಡು ಹೋದಳು. ಸಾಹೇಬರು ಇರಲಿಲ್ಲ. ಗುಮಾಸ್ತರು ಸಣಕಲು ಮನುಷ್ಯ, ಮಾತಿಗೆ ಮೊದಲು ಬಾಗಿಲ ಕಡೆ ನೋಡುವ ಅಭ್ಯಾಸ. "ಪಾಳಿ ಪಟ್ಟಿ ಸರ್ಕಾರಿ ಕಾಗದ ನೋಡ್ರಿ. ಹಂಗೆಲ್ಲ ತೋರ್ಸಂಗಿಲ್ಲ" ಎಂದರು.

"ನಮ್ಮ ತೂಬು ಅದ್ರಾಗ ಐತೋ ಇಲ್ಲೋ?"

"ಐತಿ."

"ಹಂಗಾರ ನಮ್ಮ ನೀರಿನ ಸುದ್ದಿ ನಮಗ ತೋರ್ಸಬಾರ್ದು ಅಂತ ಎಲ್ಲಿ ಬರ್ದೈತಿ? ಅದನ್ನರ ಓದ್ರಿ, ಕೇಳಿ ಹೋಗ್ತೀನಿ."

ಗುಮಾಸ್ತರು ನಿಯಮದ ಪುಸ್ತಕ ಇಳಿಸಿದರು. ಅವಳನ್ನು ಸಾಗಹಾಕಲು ಎಂದು ಇಳಿಸಿದ್ದಿರಬೇಕು. ಆದರೆ ಹುಡುಕುತ್ತ ಹುಡುಕುತ್ತ ಅವರಿಗೇ ಕುತೂಹಲ ಹತ್ತಿತು. ಒಂದು ಪುಸ್ತಕ ಮುಗಿದು ಇನ್ನೊಂದು ಬಂತು. ನಾವು ತಂದಿದ್ದ ಬುತ್ತಿ ಬಿಚ್ಚಿದೆವು, ಅವರಿಗೂ ಒಂದು ರೊಟ್ಟಿ ಹೋಯಿತು. ಸಾಹೇಬರು ಜೀಪಿನಿಂದ ಇಳಿದಾಗ ಗುಮಾಸ್ತರು ಎದ್ದು ನಿಂತು, "ಸಾರ್, ತೋರ್ಸಬಾರ್ದು ಅಂತ ಎಲ್ಲೂ ಇಲ್ಲ" ಎಂದರು. ಅವರ ದನಿಯಲ್ಲಿ ಆಶ್ಚರ್ಯವಿತ್ತು.

ಸಾಹೇಬರು ಬಿಸಿಲಿಗೆ ಬಸವಳಿದಿದ್ದರು. "ತೋರ್ಸ್ರಿ ಅತ್ಲಾಗ, ಅದ್ರಾಗೇನೈತಿ!" ಎಂದು ಒಳಗೆ ಹೋದರು.

ಪಟ್ಟಿ ಇದ್ದದ್ದು ಬೀರುವಿನ ಬಾಗಿಲಿನಲ್ಲಿ, ಒಳಮಗ್ಗುಲಿಗೆ ಅಂಟಿಸಿ. ಬೀರು ಮುಚ್ಚಿದರೆ ಪಟ್ಟಿಗೂ ಬೀಗ. ಅದನ್ನು ಬೇಕೆಂದೇ ಬಚ್ಚಿಟ್ಟವರು ಯಾರೂ ಇರಲಿಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಯಾರೋ ಎಂದೋ ಅಲ್ಲಿ ಅಂಟಿಸಿದರು, ಯಾರೂ ಕೇಳಲಿಲ್ಲ, ಅಷ್ಟೇ. ಕೇಳುವವರಿಲ್ಲದ್ದರಿಂದ ನೀರಗಂಟಿಯ ಮಾತೇ ಪಟ್ಟಿಯಾಯಿತು, ಮೇಲಿನ ಊರಿನವರ ಜೋರೇ ಆರ್ಡರ್ ಆಯಿತು.

ಇಂಗ್ಲಿಷಿನಲ್ಲಿದ್ದುದನ್ನು ನಾನು ಕನ್ನಡ ಮಾಡಿ ಓದುತ್ತ ಹೋದೆ. ನಮ್ಮ ತೂಬಿಗೆ ಶುಕ್ರವಾರ, ಶನಿವಾರ. ಶುಕ್ರವಾರ ನಮ್ಮದೇ! ಖುಷಿಯಾಯಿತು. ಮುಂದಿನ ಸಾಲು ನೋಡಿದೆ. ಅರೆಗಳಿಗೆ ತಡೆದು, "ಕೊನೆ ತೂಬಿಗೆ ಸೋಮವಾರ" ಎಂದು ಮುಗಿಸಿದೆ.

ಹುಲಿಗೆಮ್ಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ನಡುವ ಬಿಟ್ರಿ, ಟೀಚರಮ್ಮ. ಐತವಾರ ಎಲ್ಲಿ ಹೋತು?"

ಇನ್ನು ಮುಚ್ಚಿಡುವಂತಿರಲಿಲ್ಲ. ಭಾನುವಾರವೂ ಸೋಮವಾರವೂ ಕೊನೆಯ ತೂಬಿನವು ಎಂದು ಓದಿದೆ. ಅವಳ ಅತ್ತೆಯ ಕಾಲದಿಂದ ಇವರ ಗದ್ದೆಗೆ ಹರಿಯುತ್ತಿದ್ದ ಭಾನುವಾರದ ನೀರು ಹೊನ್ನೂರಪ್ಪನವರದಾಗಿತ್ತು.

ಅವಳು ಎಲೆಅಡಿಕೆಯ ಚೀಲ ಬಿಚ್ಚಿ ಹಾಗೆಯೇ ಕಟ್ಟಿದಳು. "ನಮ್ಮ ಶುಕ್ರಾರ ಮ್ಯಾಲಿನೋರು ತಿಂದ್ರು, ಕೆಳಗಿನೋರ ಐತವಾರ ನಾವು ತಿಂದ್ವಿ" ಎಂದಳು. "ಪೂರಾ ಬರ್ಕೊಳ್ರಿ."

ದಾರಿಯಲ್ಲಿ ನಾನು ಸುಮ್ಮನಿರಲಾರದೆ ಹೇಳಿದೆ: "ಅಕ್ಕಾ, ಈಗ ಶುಕ್ರವಾರದ ಮಾತಷ್ಟೇ ಎತ್ತಿದರೆ ಸಾಕಲ್ಲ? ಭಾನುವಾರದ್ದು ಯಾರೂ ಕೇಳಿಲ್ಲ."

"ಅರ್ಧ ಓದಿ ಅರ್ಧ ಹರ್ದು ಒಗದ್ರ ಅದು ಮಿರ್ಚಿ ಕಾಗದ ಆಗ್ತೈತಿ, ಟೀಚರಮ್ಮ" ಎಂದಳು.

ಮನೆಗೆ ಬಂದು ರಸ್ತೆಯ ಕಡೆಯ ಗೋಡೆಗೆ ಸುಣ್ಣ ಬಳಿದಳು. ಹಬ್ಬಕ್ಕೆ ಗೋಡೆಗೆ ಕಾರಣೆಯ ಕೆಂಪು ಪಟ್ಟೆ ಎಳೆಯಲೆಂದು ಸಂಡೂರು ಕಡೆಯಿಂದ ತರಿಸಿದ್ದ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿದಳು. ಬರೆಯುವ ಕೆಲಸ ನನ್ನದು. ಯಾವ ತೂಬಿಗೆ ಯಾವ ದಿನ, ಮೇಲಿನಿಂದ ಕೊನೆಯವರೆಗೆ. ಗಾದಿಲಿಂಗಪ್ಪ ಬಂದು ನೋಡಿದ. ಅಷ್ಟು ಮಾತಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. "ಬರಿಸು, ಬ್ಯಾಡ ಅನ್ನಲ್ಲ. ಐತವಾರದ್ದು ಬಿಟ್ಟು ಬರಿಸು. ಶುಕ್ರಾರ ಇನ್ನೂ ಬಂದಿಲ್ಲ, ಐತವಾರಾನೂ ಕೊಟ್ರ ಬೆಳಿ ಒಣಗತೈತಿ. ಹೊಟ್ಟಿಗೇನ್ ತಿಂತಿ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಕೆಮ್ಮಣ್ಣಿನ ಗಡಿಗೆಯನ್ನು ನನ್ನ ಹತ್ತಿರಕ್ಕೆ ಸರಿಸಿದಳು. "ಐತವಾರ ಸ್ವಲ್ಪ ದಪ್ಪಗ ಬರೀರಿ" ಎಂದಳು ನನಗೆ.

ಸಂಜೆ ಕೂಲಿಯಿಂದ ಮರಳುತ್ತಿದ್ದ ಹೊನ್ನೂರಪ್ಪ ಗೋಡೆಯ ಮುಂದೆ ನಿಂತ. ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದ. "ಇದು ಯಾವಾಗಿಂದ ಹಿಂಗೈತಿ?" ಎಂದು ಕೇಳಿದ. ನಾನು ತಡವರಿಸುವಷ್ಟರಲ್ಲಿ ಹುಲಿಗೆಮ್ಮಕ್ಕನೇ ಹೊರಬಂದಳು. "ಮೊದ್ಲಿಂದ ನಿಮ್ದ ಐತಪ್ಪ. ಗೊತ್ತಿಲ್ದ ನಾನ ಉಂಡೀನಿ. ಈ ವಾರದಿಂದ ನೀನ ನೀರು ತಗೋ."

ಗಾದಿಲಿಂಗಪ್ಪ ಹೆದರಿದಂತೆಯೇ ಆಯಿತು. ಭಾನುವಾರದ ನೀರು ಕೆಳಗೆ ಹೋಯಿತು, ಶುಕ್ರವಾರದ್ದು ಮೇಲಿನಿಂದ ಬರಲಿಲ್ಲ. ಮೂಲೆಯ ಗದ್ದೆ ನಮ್ಮ ಕಣ್ಣೆದುರಿಗೇ ಜೊಳ್ಳಾಯಿತು. ಹುಲಿಗೆಮ್ಮಕ್ಕ ಬೆಳಿಗ್ಗೆ ಬೆಳಿಗ್ಗೆ ಹೋಗಿ ಆ ತೆನೆಗಳನ್ನು ಮುಟ್ಟಿ ನೋಡಿ ಬರುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಆಮೇಲೊಂದು ಶುಕ್ರವಾರ ಅವಳು ಮೇಲಿನ ತೂಬಿಗೆ ಹೊರಟಾಗ ಹೊನ್ನೂರಪ್ಪನ ಕೇರಿಯವರೆಲ್ಲ ಕರೆಯದೆಯೇ ಹಿಂದೆ ಬಂದರು. ಜಗಳವಾಗುತ್ತದೆ ಎಂದು ನನಗೆ ಭಯ. ಜಗಳವೇನೋ ಆಯಿತು, ಆದರೆ ಅದರ ರೀತಿಯೇ ಬೇರೆಯಾಗಿತ್ತು. ಅಲ್ಲಿಯವರೆಗೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಪಾಳಿ ಇತ್ತು. ಈಗ ಮೇಲಿನ ಊರಿನವರೂ ಸಂತೆಗೆ ಹೋಗುವಾಗ ಆ ಗೋಡೆ ಓದಿದ್ದರು. ಅವರ ಮುದುಕನೊಬ್ಬ, "ಆಯಮ್ಮ ತಾನುಂಡ ಐತವಾರಾನೂ ಕೆಳಗಿನೋರ ಹೆಸರಿಗೆ ಬರಿಸ್ಯಾಳಲ್ಲೋ, ಇನ್ನೇನ್ ಸುಳ್ಳಂತೀರಿ?" ಎಂದ. ನೀರಗಂಟಿ ಮೇಲಿನ ತೂಬು ಮುಚ್ಚಿದ, ನೀರು ನಮ್ಮ ಕಡೆ ಹರಿಯಿತು. ಉಳಿದ ಗದ್ದೆ ಬದುಕಿತು.

ಪ್ರತಿ ಬೆಳೆಗೂ ಗೋಡೆ ಹೊಸದಾಗುತ್ತಿತ್ತು. ಸಾಹೇಬರು ಬದಲಾದಾಗಲೆಲ್ಲ ಪಟ್ಟಿ ತೋರಿಸಲು ಮತ್ತೆ ತಕರಾರು, ಮತ್ತೆ ಹುಲಿಗೆಮ್ಮಕ್ಕನ ಸವಾರಿ, ಮತ್ತೆ ಅದೇ "ಎಲ್ಲಿ ಬರ್ದೈತಿ?" ಆ ಗುಮಾಸ್ತರು ನಿವೃತ್ತರಾಗುವ ಮೊದಲು ಪಟ್ಟಿಯನ್ನು ಕಿತ್ತು ಕಚೇರಿಯ ಬಾಗಿಲ ಹೊರಗೆ ಅಂಟಿಸಿ ಹೋದರು ಎಂದು ಕೇಳಿದೆ. ಅಷ್ಟರಲ್ಲಿ ನನಗೆ ಹೊಸಪೇಟೆಗೆ ವರ್ಗವಾಗಿತ್ತು. ಅವಳು ಪೇಟೆಗೆ ಬಂದರೆ ನಮ್ಮ ಮನೆಗೆ ಬಾರದೆ ಇರುತ್ತಿರಲಿಲ್ಲ, ಕೈಯಲ್ಲಿ ಏನಾದರೊಂದು ಕಾಗದವಿಲ್ಲದೆಯೂ ಬರುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಅವಳು ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಹೋದೆ. ಮನೆಗೆ ಸಿಮೆಂಟು ಬಂದಿತ್ತು, ಆದರೆ ರಸ್ತೆಯ ಕಡೆಯ ಗೋಡೆಯಲ್ಲಿ ಅಷ್ಟಗಲ ಜಾಗಕ್ಕೆ ಮಾತ್ರ ಸುಣ್ಣವೇ ಇತ್ತು, ಅದರ ಮೇಲೆ ಆ ವರ್ಷದ ಪಾಳಿ. ಗಾದಿಲಿಂಗಪ್ಪ ನನ್ನನ್ನು ಕೂರಿಸಿ, ಟ್ರಂಕಿನಿಂದ ಒಂದು ಕಾಗದ ತೆಗೆದು ಕೊಟ್ಟ. "ಸರ್ಟಿಫಿಕೇಟ್ ಕೊಟ್ಟಾರ. ಏನ್ ಬರ್ದೈತಿ, ಓದ್ರಿ" ಎಂದ.

ಹೆಸರು ಓದಿದೆ. ಗಂಡನ ಹೆಸರು, ಊರು, ತೀರಿಕೊಂಡ ದಿನ. ಅಷ್ಟಕ್ಕೇ ಮಡಚಿ ಅವನ ಕೈಗೆ ಕೊಡಹೋದೆ. ಬೆರಳಿಟ್ಟು ತೋರಿಸುವವರು ಯಾರೂ ಎದುರಿಗಿರಲಿಲ್ಲ. ಕಾಗದವನ್ನು ಮತ್ತೆ ಬಿಡಿಸಿದೆ. ಕೆಳಗಿದ್ದ ಸಣ್ಣಕ್ಷರವನ್ನೂ, ಅದರ ಕೆಳಗಿದ್ದ ಮುದ್ರಣಾಲಯದ ಹೆಸರನ್ನೂ ಪೂರ್ತಿ ಓದಿದೆ.